ಗಂಜಿ ಕೇಂದ್ರದ ಪಟ್ಟಿಯಲ್ಲಿ ಬರೆದ ಒಂದು ಸುಳ್ಳು

ಓದುಗರ ಪ್ರಶ್ನೆ: "ನಾನು ಸೋಮವಾರಪೇಟೆ ತಾಲ್ಲೂಕಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. 2018ರ ಆಗಸ್ಟ್‌ನಲ್ಲಿ ಗುಡ್ಡದ ಬರೆಗಳು ಕುಸಿದು ಸುತ್ತಲಿನ ಊರುಗಳ ಜನರೆಲ್ಲ ಗಂಜಿ ಕೇಂದ್ರಕ್ಕೆ ಬಂದಾಗ ಸಂತ್ರಸ್ತರ ಪಟ್ಟಿ ಬರೆಯುವ ಕೆಲಸಕ್ಕೆ ನನ್ನನ್ನು ಹಾಕಿದ್ದರು. ತೋಟವೊಂದರ ಲೈನ್ ಮನೆಯಲ್ಲಿದ್ದ (ಕೂಲಿಯವರಿಗೆಂದು ತೋಟದಲ್ಲೇ ಕಟ್ಟಿದ ಸಾಲುಮನೆ) ಕೂಲಿ ಕುಟುಂಬವೊಂದು, ಗಂಡ, ಹೆಂಡತಿ ಮತ್ತು ಮೂವರು ಮಕ್ಕಳು, ಉಟ್ಟ ಬಟ್ಟೆಯಲ್ಲಿ ಬಂದಿತ್ತು. ಅವರ ಪಡಿತರ ಚೀಟಿ ಬೇರೆ ಜಿಲ್ಲೆಯದು. ಇಲ್ಲಿ ವಾಸವಿದ್ದರು ಎನ್ನುವುದಕ್ಕೆ ಒಂದು ತುಂಡು ಕಾಗದವೂ ಇರಲಿಲ್ಲ. ದಾಖಲೆ ಇಲ್ಲದವರ ಹೆಸರು ಪಟ್ಟಿಯಲ್ಲಿ ನಿಲ್ಲುವುದಿಲ್ಲ ಎಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿದ್ದರು. ಪಕ್ಕದ ಊರಿನಲ್ಲಿ ಬಿದ್ದುಹೋಗಿದ್ದ, ಮಾಲೀಕರು ಮೈಸೂರಿನಲ್ಲಿ ನೆಲೆಸಿದ್ದ ಮನೆಯೊಂದರ ಸಂಖ್ಯೆ ಹಾಕಿ, ಇವರು ಅಲ್ಲಿ ಬಾಡಿಗೆಗೆ ಇದ್ದರು ಎಂದು ಬರೆದು, ಅವರಿಂದ ಸಹಿ ಹಾಕಿಸಿದೆ. ಅವರಿಗೆ ಪರಿಹಾರದ ಹಣ ಬಂತು. ಅದರಲ್ಲಿ ನಾನು ಒಂದು ರೂಪಾಯಿ ಮುಟ್ಟಿಲ್ಲ. ಇಂದಿಗೂ ಹುತ್ತರಿಗೆ ಅವರು ಬಾಳೆಗೊನೆ ತಂದುಕೊಟ್ಟು ಹೋಗುತ್ತಾರೆ, ನಾನೂ ಅದನ್ನು ಒಳ್ಳೆಯ ಕೆಲಸವೆಂದೇ ನಂಬಿದ್ದೆ. ಈಗ ನನ್ನ ತಂಗಿಯ ಮಗ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದಾನೆ. ಸಣ್ಣ ಬೆಳೆಗಾರರೊಬ್ಬರು ಬೆಳೆಸಾಲದ ಕಂತನ್ನು ಗಡುವು ಮುಗಿದ ಮೇಲೆ ಕಟ್ಟುವಂತಾಗಿದೆ. ರಸೀದಿಗೆ ಹಿಂದಿನ ತಾರೀಖು ಹಾಕಿದರೆ ಅವರಿಗೆ ಬಡ್ಡಿ ಬೀಳುವುದಿಲ್ಲ. ಬೇಡವೆಂದು ನಾನು ಹೇಳಿದಾಗ ಅವನು, 'ಮಾವ, ನೀವು ಮಾಡಿದ್ದೂ ಇದನ್ನೇ ಅಲ್ಲವೇ?' ಎಂದ. ನನಗೆ ಉತ್ತರ ಹೊಳೆಯಲಿಲ್ಲ. ನಾನು ಮಾಡಿದ್ದು ಸರಿಯೇ? ಸರಿಯಾದರೆ ಇವನದು ಹೇಗೆ ತಪ್ಪು? ಈಗ ನಾನೇನು ಮಾಡಬೇಕು?"

ಉತ್ತರ:

ನಿಮ್ಮನ್ನು ಕಾಡುತ್ತಿರುವುದು ಆ ಸುಳ್ಳಲ್ಲ ಎಂದು ನನಗನ್ನಿಸುತ್ತದೆ. ಅದನ್ನು ಬರೆದ ಮೇಲೆ ಇಷ್ಟು ವರ್ಷ ನೀವು ನೆಮ್ಮದಿಯಿಂದಲೇ ಇದ್ದಿರಿ. ಸೋದರಳಿಯ ಅದನ್ನು ತನ್ನ ಕೆಲಸಕ್ಕೆ ಆಧಾರವಾಗಿ ಎತ್ತಿ ತೋರಿಸಿದ ದಿನ ನೆಮ್ಮದಿ ಕೆಟ್ಟಿತು. ಕಾಲೇಜಿನಲ್ಲಿ ಮೂವತ್ತು ವರ್ಷ ನೀತಿಶಾಸ್ತ್ರ ಪಾಠ ಮಾಡಿ, ನಿವೃತ್ತಿಯ ಬಳಿಕ ಹೊಸದಾಗಿ ಕೆಲಸಕ್ಕೆ ಸೇರಿದ ನೌಕರರ ತರಬೇತಿಗಳಲ್ಲಿ ಇದೇ ವಿಷಯ ಮಾತನಾಡುತ್ತ ಬಂದವನಿಗೆ ಇಂಥ ನಿವೇದನೆಗಳು ಹೊಸತಲ್ಲ. ತರಗತಿ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿರುವಾಗ ಒಬ್ಬರು ಪಕ್ಕಕ್ಕೆ ಕರೆದು, "ಸರ್, ಒಂದು ಸಲ ಹೀಗಾಯಿತು" ಎಂದು ಶುರುಮಾಡುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಸಮಾಧಾನ. ನೀವು ಎರಡು ಬಗೆಯ ಉತ್ತರಕ್ಕೂ ಸಿದ್ಧರಾಗಿ ಕೇಳಿದ್ದೀರಿ, ಆದ್ದರಿಂದ ಸುತ್ತಿಬಳಸದೆ ಬರೆಯುತ್ತೇನೆ.

ಆ ಕುಟುಂಬದ ಹೆಸರು ಪಟ್ಟಿಗೆ ಸೇರಬೇಕು ಎಂದು ನೀವು ತೀರ್ಮಾನಿಸಿದ್ದು ಸರಿ. ಸೇರಿಸಿದ ರೀತಿ ತಪ್ಪು. ಆ ರಾತ್ರಿಯ ಮಟ್ಟಿಗೆ ಆ ತಪ್ಪನ್ನು ಕ್ಷಮಿಸಬಹುದು, ಆದರೆ ಕ್ಷಮಿಸಬಹುದಾದ ಕೆಲಸವೆಲ್ಲ ಸಮರ್ಥನೀಯವೂ ಆಗಿಬಿಡುವುದಿಲ್ಲ. ಸೋದರಳಿಯ ಮಾಡಹೊರಟಿರುವುದು ಎರಡಕ್ಕೂ ಅರ್ಹವಲ್ಲ. ಹೀಗೇಕೆ ಹೇಳುತ್ತೇನೆ ಎನ್ನುವುದಕ್ಕೆ ನಮ್ಮ ನಡುವೆ ಚಲಾವಣೆಯಲ್ಲಿರುವ ಕೆಲವು ಮಾತುಗಳನ್ನು ಮೊದಲು ಒರೆಗೆ ಹಚ್ಚಬೇಕಾಗುತ್ತದೆ.

ಉದ್ದೇಶ ಒಳ್ಳೆಯದಿದ್ದರೆ ದೋಷವಿಲ್ಲ ಎನ್ನುವುದು ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು. ನನ್ನ ಅನುಭವದಲ್ಲಿ ಒಳ್ಳೆಯ ಉದ್ದೇಶವಿಲ್ಲದೆ ತಪ್ಪು ಮಾಡಿದವರನ್ನು ನಾನು ಕಂಡದ್ದೇ ಅಪರೂಪ. ಗೆಳೆಯನ ಬದಲು ಪರೀಕ್ಷೆ ಬರೆದು ಸಿಕ್ಕಿಬಿದ್ದ ವಿದ್ಯಾರ್ಥಿಗೆ ಗೆಳೆಯನ ತಾಯಿಯ ಕಾಯಿಲೆ ಕಾರಣವಾಗಿತ್ತು, ಅದು ನಿಜವೂ ಆಗಿತ್ತು. ಉದ್ದೇಶ ಬೇಕು, ಅದಿಲ್ಲದೆ ಮಾತು ಮುಂದೆ ಹೋಗುವುದೇ ಇಲ್ಲ. ಆದರೆ ಅಷ್ಟರಿಂದಲೇ ಯಾವುದೂ ತೀರ್ಮಾನವಾಗುವುದಿಲ್ಲ.

ಇದಕ್ಕೆ ನೇರ ಎದುರಿನ ಮಾತೂ ಇದೆ: ಕಾರಣ ಏನೇ ಇರಲಿ, ಸುಳ್ಳು ಸುಳ್ಳೇ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯಲ್ ಕಾಂಟ್ 1797ರಲ್ಲಿ ಬರೆದ ಒಂದು ಸಣ್ಣ ಪ್ರಬಂಧದಲ್ಲಿ ಈ ನಿಲುವನ್ನು ಕೊನೆಯ ಮೆಟ್ಟಿಲಿನವರೆಗೆ ಒಯ್ದ. ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ಒಳಗೆ ಅಡಗಿರುವ ನಿಮ್ಮ ಸ್ನೇಹಿತ ಎಲ್ಲಿ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಿಮಗಿಲ್ಲ ಎಂದು ಅವನು ವಾದಿಸಿದ. ತರಗತಿಯಲ್ಲಿ ಇದನ್ನು ವಿವರಿಸಿದಾಗಲೆಲ್ಲ ಹಿಂದಿನ ಬೆಂಚಿನಿಂದ ನಗು ಕೇಳಿಸುತ್ತಿತ್ತು, ನಾನೂ ಆ ನಗುವನ್ನು ತಡೆಯುತ್ತಿರಲಿಲ್ಲ. ಏಕೆಂದರೆ ನಮ್ಮಲ್ಲಿ ಇದೇ ಪ್ರಶ್ನೆಗೆ ಬೇರೆಯೇ ಉತ್ತರ ಬಹಳ ಹಿಂದೆ ಬಂದಿತ್ತು. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸದಾ ಸತ್ಯವನ್ನೇ ನುಡಿಯುವ ವ್ರತ ಹಿಡಿದಿದ್ದ ಕೌಶಿಕ, ದರೋಡೆಕೋರರಿಗೆ ಹೆದರಿ ಕಾಡು ಹೊಕ್ಕ ಜನರ ಜಾಡನ್ನು ಆ ದರೋಡೆಕೋರರು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಆ ಜನರೆಲ್ಲ ಹತರಾದರು, ಕೌಶಿಕ ನರಕಕ್ಕೆ ಹೋದ. ಆಡಿದ ಮಾತಿಗೆ ಅಂಟಿಕೊಂಡು ಅಣ್ಣನನ್ನೇ ಕೊಲ್ಲಲು ಖಡ್ಗ ಎತ್ತಿದ್ದ ಅರ್ಜುನನಿಗೆ ಈ ಕಥೆಯನ್ನು ಹೇಳಿದ್ದು ಎನ್ನುವುದನ್ನು ಮರೆಯಬಾರದು. ಅವನನ್ನು ಆ ಇಕ್ಕಟ್ಟಿನಿಂದ ಪಾರುಮಾಡಲು ಕೃಷ್ಣ ಸೂಚಿಸಿದ ಉಪಾಯವೂ ಸ್ವಾರಸ್ಯಕರ: ಹಿರಿಯರನ್ನು 'ನೀನು' ಎಂದು ಏಕವಚನದಲ್ಲಿ ಕರೆದರೆ ಅದು ಅವರನ್ನು ಕೊಂದದ್ದಕ್ಕೆ ಸಮ, ಅಷ್ಟು ಮಾಡು ಸಾಕು ಎಂದ.

ಆದರೆ ಅದೇ ಮಹಾಭಾರತ ದ್ರೋಣಪರ್ವದಲ್ಲಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ, ನಿಮ್ಮ ವಿಷಯಕ್ಕೆ ಅದು ಹೆಚ್ಚು ಹತ್ತಿರದ್ದು. ಅಶ್ವತ್ಥಾಮ ಸತ್ತನೆಂದು ಧರ್ಮರಾಯ ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎನ್ನುವುದನ್ನು ಕೇಳಿಸದ ಹಾಗೆ ಹೇಳಿದ. ಹಾಗೆ ಹೇಳಿಸಿದವನು ಕೃಷ್ಣನೇ. ಕಾರಣವೂ ಸಣ್ಣದಲ್ಲ, ಅಂದು ದ್ರೋಣನನ್ನು ತಡೆಯದಿದ್ದರೆ ಪಾಂಡವರ ಸೇನೆ ಉಳಿಯುತ್ತಿರಲಿಲ್ಲ. ಇಷ್ಟಿದ್ದರೂ, ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಧರ್ಮರಾಯನ ರಥ ನೆಲಕ್ಕೆ ಇಳಿಯಿತು, ಕೊನೆಗೆ ಸ್ವರ್ಗಾರೋಹಣದಲ್ಲಿ ಅವನು ಆ ಮೋಸದ ಲೆಕ್ಕಕ್ಕೆ ನರಕವನ್ನು ನೋಡಿಯೇ ಮುಂದೆ ಹೋಗಬೇಕಾಯಿತು. ಅನಿವಾರ್ಯವಾಗಿ ಮಾಡಿದ ತಪ್ಪೂ ಮಾಡಿದವನ ಲೆಕ್ಕದಿಂದ ಅಳಿಸಿಹೋಗುವುದಿಲ್ಲ ಎನ್ನುವ ಈ ತಿಳಿವಳಿಕೆಯನ್ನು ಅಮೆರಿಕದ ಚಿಂತಕ ಮೈಕಲ್ ವಾಲ್ಜರ್ 1973ರಲ್ಲಿ 'ಕೊಳೆಯಾದ ಕೈಗಳು' ಎಂಬ ಹೆಸರಿನಡಿ ಚರ್ಚಿಸಿದ. ರಥ ನೆಲ ಮುಟ್ಟಿದ ಚಿತ್ರ ಅದಕ್ಕಿಂತ ಚೆನ್ನಾಗಿದೆ ಎಂದು ನನ್ನ ಅಭಿಪ್ರಾಯ. ನೀವು ಹಾಕಿದ ಮನೆಸಂಖ್ಯೆಯೂ ಧರ್ಮರಾಯನ ಆ ಆನೆಯಂಥದೇ. ಮನೆ ಇದ್ದದ್ದು ನಿಜ, ಬಿದ್ದದ್ದು ನಿಜ, ಕುಟುಂಬ ನಿರಾಶ್ರಿತವಾದದ್ದೂ ನಿಜ. ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದಾಗ ಸುಳ್ಳಾಯಿತು.

ಈಗ ಮೂರನೆಯ ಮಾತಿಗೆ ಬರುತ್ತೇನೆ. ಯಾರಿಗೂ ನಷ್ಟವಾಗಿಲ್ಲ, ಸರ್ಕಾರದ ಹಣ ತಾನೇ ಎನ್ನುವ ಸಮಾಧಾನವನ್ನು ನೀವು ಬಾಯಿಬಿಟ್ಟು ಹೇಳಿಲ್ಲವಾದರೂ ನಿಮ್ಮ ಪತ್ರದ ಸಾಲುಗಳ ನಡುವೆ ಅದಿದೆ. ಒಳ್ಳೆಯ ಕಾರಣಕ್ಕೆ ಮಾಡಿದ ತಪ್ಪನ್ನು ತೂಗುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಅದರ ಬೆಲೆ ತೆತ್ತವರು ಯಾರು, ಮತ್ತು ಅವರನ್ನು ಕೇಳಿದ್ದರೇ? 1884ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ಘೋರ ಪ್ರಕರಣ ಬಂತು. ಮಿನ್ಯೊನೆಟ್ ಎಂಬ ಹಡಗು ಮುಳುಗಿ ಸಣ್ಣ ದೋಣಿಯೊಂದರಲ್ಲಿ ಉಳಿದ ನಾಲ್ವರಲ್ಲಿ ಇಬ್ಬರು, ಹಸಿವಿನಿಂದ ಸಾಯುವುದನ್ನು ತಪ್ಪಿಸಿಕೊಳ್ಳಲು, ಅಸ್ವಸ್ಥನಾಗಿ ಬಿದ್ದಿದ್ದ 17 ವರ್ಷದ ಹುಡುಗನನ್ನು ಕೊಂದಿದ್ದರು. ಅನಿವಾರ್ಯತೆ ಕೊಲೆಗೆ ಸಮರ್ಥನೆಯಾಗದು ಎಂದು ನ್ಯಾಯಾಲಯ ಮರಣದಂಡನೆ ವಿಧಿಸಿತು, ಆ ಬಳಿಕ ಅದನ್ನು ಆರು ತಿಂಗಳ ಸೆರೆವಾಸಕ್ಕೆ ಇಳಿಸಲಾಯಿತು. ತೀರ್ಪು ಬರೆದವರ ಮುಖ್ಯ ಪ್ರಶ್ನೆ ಸರಳವಾಗಿತ್ತು: ಯಾರು ಸಾಯಬೇಕೆಂದು ತೀರ್ಮಾನಿಸಿದವರು ಯಾರು? ದೋಣಿಯಲ್ಲಿ ಎಲ್ಲರಿಗಿಂತ ದುರ್ಬಲನಾದವನನ್ನೇ ಆರಿಸಿದರಲ್ಲ? ನಿಮ್ಮ ಕೆಲಸಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ, ನಿಜ. ಆದರೆ ಆ ಪ್ರಶ್ನೆಯನ್ನು ಮಾತ್ರ ಎರವಲು ಪಡೆಯೋಣ.

ಬೆಲೆ ತೆತ್ತವರಲ್ಲಿ ಒಬ್ಬರು ಮೈಸೂರಿನಲ್ಲಿದ್ದ ಮನೆ ಮಾಲೀಕರು. ತಮ್ಮ ಬಿದ್ದ ಮನೆಗೆ ಅವರು ಪರಿಹಾರ ಕೇಳಿ ಬಂದಿದ್ದರೆ, ತಾವು ಎಂದೂ ನೋಡದ ಬಾಡಿಗೆದಾರರು ಕಡತದಲ್ಲಿ ಅವರಿಗೆ ಎದುರಾಗುತ್ತಿದ್ದರು. ಎರಡನೆಯವರು, ನಿಮಗೆ ಆಶ್ಚರ್ಯವಾಗಬಹುದು, ಆ ಕೂಲಿ ಕುಟುಂಬವೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 52ನೆಯ ಕಲಂ ಪ್ರಕಾರ, ಸುಳ್ಳೆಂದು ತಿಳಿದೂ ಪರಿಹಾರಕ್ಕೆ ಹಕ್ಕು ಮಂಡಿಸುವುದು ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡಕ್ಕೆ ಗುರಿಮಾಡಬಹುದಾದ ಅಪರಾಧ. ಬರೆದವರು ನೀವು, ಸಹಿ ಹಾಕಿದವರು ಅವರು. ಮಕ್ಕಳಿಗೆ ಹೊದಿಕೆಯಿಲ್ಲದ ಆ ರಾತ್ರಿ ಮೇಷ್ಟ್ರು ತೋರಿಸಿದ ಜಾಗದಲ್ಲಿ ಸಹಿ ಹಾಕದೆ ಅವರು ಇನ್ನೇನು ಮಾಡಿಯಾರು? ನೆರವಾಗುವ ಭರದಲ್ಲಿ ನಾವು ನೆರವು ಪಡೆಯುವವರನ್ನೇ ಅಪಾಯದ ಅಂಚಿಗೆ ತಂದು ನಿಲ್ಲಿಸುವುದು ನಾನು ಮತ್ತೆ ಮತ್ತೆ ಕಂಡಿರುವ ಸಂಗತಿ.

ಮೂರನೆಯ ನಷ್ಟ ಕಣ್ಣಿಗೆ ಬೀಳುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಅದೇ ದೊಡ್ಡದು. ಲೈನ್ ಮನೆಯ ಜನರಿಗೆ ಪಟ್ಟಿಯಲ್ಲಿ ಜಾಗವಿಲ್ಲ ಎನ್ನುವುದೇ ಅಂದಿನ ಅನ್ಯಾಯ. ನೀವು ಅವರನ್ನು ಬಾಡಿಗೆದಾರರೆಂದು ಬರೆದ ಕೂಡಲೇ ಆ ಅನ್ಯಾಯಕ್ಕಿದ್ದ ಒಂದು ಸಾಕ್ಷಿ ಕಡತದಿಂದ ಮಾಯವಾಯಿತು. ಮೇಲಿನ ಅಧಿಕಾರಿ ಪಟ್ಟಿಯನ್ನು ತಿರುವಿದಾಗ ಲೈನ್ ಮನೆ ಎಂಬ ಪದವೇ ಕಾಣದಿದ್ದರೆ, ಅಲ್ಲಿ ಯಾರೂ ಇರಲಿಲ್ಲ ಎಂದೇ ತಿಳಿಯುತ್ತಾರೆ. ಬೇರೆ ಕೇಂದ್ರಗಳಲ್ಲೂ ನಿಮ್ಮಂಥ ಕರುಣಾಳುಗಳು ಇದನ್ನೇ ಮಾಡಿದ್ದರೆ, ಯಾರ ಕಣ್ಣಿಗೂ ಬೀಳದೆ ಉಳಿದ ಕುಟುಂಬಗಳ ಪರವಾಗಿ ಹೇಳುವುದಕ್ಕೆ ಕಾಗದದಲ್ಲಿ ಏನೂ ಉಳಿಯುವುದಿಲ್ಲ.

ಹಾಗಾದರೆ ಬೇರೆ ದಾರಿ ಇತ್ತೇ? ಇತ್ತು, ಆದರೆ ಆ ರಾತ್ರಿ ಅದು ನಿಮಗೆ ಕಾಣಬೇಕಿತ್ತು ಎಂದು ನಾನು ಹೇಳಲಾರೆ. ಕರೆಂಟಿಲ್ಲ, ಫೋನಿಲ್ಲ, ರಸ್ತೆ ಕಡಿದಿದೆ, ಹೊರಗೆ ಮಳೆ ಬಿಡದೆ ಸುರಿಯುತ್ತಿದೆ, ಮುಂದೆ ಐದು ಮುಖಗಳು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಹೊಳೆಯುವುದು ಕೈಗೆ ಹತ್ತಿರವಿರುವ ದಾರಿ ಮಾತ್ರ, ಅದಕ್ಕೇ ಕ್ಷಮೆಯ ಮಾತು ಎತ್ತಿದೆ. ಒಂದು ವಾರದ ಬಳಿಕ ಆ ಕಾರಣ ಉಳಿಯಲಿಲ್ಲ. ಷರಾ ಕಾಲಂನಲ್ಲಿ "ಲೈನ್ ಮನೆಯಲ್ಲಿ ವಾಸ, ದಾಖಲೆ ಇಲ್ಲ" ಎಂದು ಇದ್ದದ್ದನ್ನು ಬರೆದು, ತೋಟದ ಲೆಕ್ಕ ಬರೆಯುವ ರೈಟರ್ ಬಳಿ ಇರುವ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ, ನೋಡಿ ಅವರ ಹೆಸರಿಗೆ ದೃಢೀಕರಣ ಪಡೆದು, ನೆರೆಯವರ ಸಹಿಯೊಂದಿಗೆ ಸ್ಥಳದ ಮಹಜರು ಮಾಡಿಸಿ ಕಳುಹಿಸಬಹುದಾಗಿತ್ತು. ಪರಿಹಾರ ಕೇಂದ್ರದಲ್ಲಿ ಸೂರು, ಆಹಾರ, ಕುಡಿಯುವ ನೀರು, ಚಿಕಿತ್ಸೆ, ನೈರ್ಮಲ್ಯ ಇವುಗಳ ಕನಿಷ್ಠ ಮಟ್ಟ ಎಷ್ಟಿರಬೇಕೆಂದು ಗೊತ್ತುಪಡಿಸಲು ಹೇಳುವ ಅದೇ ಕಾಯ್ದೆಯ 12ನೆಯ ಕಲಂ ಮಾತನಾಡುವುದು ವಿಪತ್ತಿಗೆ ಸಿಕ್ಕಿದವರ ಬಗ್ಗೆ, ಮನೆಪತ್ರ ಇದ್ದವರ ಬಗ್ಗೆ ಅಲ್ಲ. ಈ ದಾರಿಯಲ್ಲಿ ಹಣ ತಡವಾಗುತ್ತಿತ್ತು, ಬಾರದೆಯೂ ಇರಬಹುದಿತ್ತು. ಆ ಸಾಧ್ಯತೆಯನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳುವುದು ಅಪ್ರಾಮಾಣಿಕತನವಾದೀತು.

ದಂಡಸಂಹಿತೆಯೂ ಇಂಥ ಇಕ್ಕಟ್ಟನ್ನು ಗುರುತಿಸುತ್ತದೆ. ಹಳೆಯ ಭಾರತೀಯ ದಂಡ ಸಂಹಿತೆಯ 81ನೆಯ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 19ನೆಯ ಕಲಂ, ಕೇಡಿನ ಉದ್ದೇಶವಿಲ್ಲದೆ, ದೊಡ್ಡ ಹಾನಿಯನ್ನು ತಪ್ಪಿಸಲು ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ವಿನಾಯಿತಿ ಕೊಡುತ್ತದೆ. ಊರಿಗೆ ಬೆಂಕಿ ಹರಡದಂತೆ ನಡುವಿನ ಮನೆಗಳನ್ನು ಕೆಡವಿದವನ ಉದಾಹರಣೆ ಅಲ್ಲಿದೆ. ತಪ್ಪಿಸಬೇಕಾದ ಹಾನಿ ಕಣ್ಣೆದುರೇ ಇರಬೇಕು ಎನ್ನುವುದು ಅದರ ಷರತ್ತು. ನಿಮ್ಮ ಸಂದರ್ಭಕ್ಕೆ ಅದು ಒಪ್ಪುತ್ತದೆಯೇ ಎನ್ನುವುದನ್ನು ವಕೀಲರು ಹೇಳಬೇಕು. ನಾನು ನೀತಿಯ ಮೇಷ್ಟ್ರು.

ಒಂದು ರೂಪಾಯಿಯನ್ನೂ ಮುಟ್ಟಿಲ್ಲ ಎಂದಿದ್ದೀರಿ. ನಂಬುತ್ತೇನೆ, ಅದು ಸಣ್ಣ ಮಾತಲ್ಲ. ಆದರೆ ಹುತ್ತರಿಯ ಬಾಳೆಗೊನೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಗೊನೆಯಲ್ಲಿ ದೋಷವಿಲ್ಲ, ತಂದುಕೊಡುವವರ ಪ್ರೀತಿಯಲ್ಲೂ ಇಲ್ಲ. ಆದರೂ ಕೃತಜ್ಞತೆ ಒಂದು ಬಗೆಯ ಸಂಬಳವೇ ಸರಿ. ಅದನ್ನು ಪಡೆಯುತ್ತ ಹೋದಂತೆ ನಮ್ಮ ತಪ್ಪನ್ನು ನಾವು ತಪ್ಪೆಂದು ನೆನೆಯುವುದನ್ನು ಬಿಡುತ್ತೇವೆ. ಮನೆಯಲ್ಲಿ ಮಕ್ಕಳೆದುರು, ಸೋದರಳಿಯನೆದುರು ಅದು ಮೆಲ್ಲಗೆ ಸಾಹಸದ ಕಥೆಯಾಗುತ್ತದೆ. ನಿಮ್ಮ ಸೋದರಳಿಯ ಕೇಳಿದ್ದು ಆ ಕಥೆಯನ್ನು. ಮೈಸೂರಿನ ಮಾಲೀಕರು ಅದರಲ್ಲಿ ಇರಲಿಲ್ಲ ಎಂದು ಊಹಿಸಬಲ್ಲೆ.

ಅವನ ಯೋಜನೆಯನ್ನೇ ಈಗ ಬಿಡಿಸಿ ನೋಡೋಣ. ಸಹಕಾರ ಸಂಘಗಳಲ್ಲಿ ಬೆಳೆಸಾಲವನ್ನು ಗಡುವಿನೊಳಗೆ ತೀರಿಸಿದವರಿಗೆ ಬಡ್ಡಿಯ ರಿಯಾಯಿತಿ ಇರುತ್ತದೆ, ಆ ಬಡ್ಡಿಯನ್ನು ಸಂಘಕ್ಕೆ ಸರ್ಕಾರ ತುಂಬಿಕೊಡುತ್ತದೆ. ಹಿಂದಿನ ತಾರೀಖಿನ ರಸೀದಿ ಎಂದರೆ ಒಂದೇ ಒಂದು ಅಂಕಿ ಬದಲಿಸುವುದು ಎಂದು ಅವನು ತಿಳಿದಿರಬಹುದು. ರಸೀದಿಯ ಕ್ರಮಸಂಖ್ಯೆ ಆ ದಿನದ್ದಾಗಬೇಕು, ಆ ದಿನದ ನಗದು ಪುಸ್ತಕದಲ್ಲಿ ಮೊತ್ತ ಸೇರಬೇಕು, ಸಂಜೆ ನಗದು ಎಣಿಸಿ ಸಹಿ ಹಾಕಿ ಮುಚ್ಚಿದ ಶಿಲ್ಕು ಬದಲಾಗಬೇಕು, ಆಮೇಲೆ ಅದನ್ನೇ ನಿಜವೆಂದು ಇಟ್ಟುಕೊಂಡು ಸರ್ಕಾರಕ್ಕೆ ಬಡ್ಡಿಯ ಬೇಡಿಕೆ ಹೋಗಬೇಕು. ಇಷ್ಟರಲ್ಲಿ ನಗದು ಗುಮಾಸ್ತರು, ಕಾರ್ಯನಿರ್ವಹಣಾಧಿಕಾರಿ ಇಬ್ಬರೂ ತಿಳಿದೋ ತಿಳಿಯದೆಯೋ ಸುಳ್ಳಿಗೆ ಪಾಲುದಾರರಾಗಿರುತ್ತಾರೆ. ಗಡುವಿನೊಳಗೆ ಕಟ್ಟಲೇಬೇಕೆಂದು ಹೆಂಡತಿಯ ಒಡವೆ ಅಡವಿಟ್ಟ ಇನ್ನೊಬ್ಬ ಸದಸ್ಯ ಅದೇ ಸಂಘದಲ್ಲಿ ಇದ್ದೇ ಇರುತ್ತಾನೆ. ಅವನಿಗೆ ಈ ಕರುಣೆ ಸಿಗಲಿಲ್ಲ, ಏಕೆಂದರೆ ಅವನಿಗೆ ಗುಮಾಸ್ತನ ಗೆಳೆತನವಿರಲಿಲ್ಲ.

ನಿಮ್ಮ ಎದುರಿಗಿದ್ದದ್ದು ಹಸಿದ ಮಕ್ಕಳು, ಅವನ ಎದುರಿಗಿರುವುದು ಬಡ್ಡಿಯ ಒಂದು ಮೊತ್ತ. ನಿಮಗೆ ಕೇಳಲು ಯಾರೂ ಇರಲಿಲ್ಲ, ಅವನಿಗೆ ಆಡಳಿತ ಮಂಡಳಿಯೇ ಇದೆ. ಆದರೂ ಈ ವ್ಯತ್ಯಾಸಗಳನ್ನು ಹೇಳಿ ನೀವು ಅವನೆದುರು ಗೆದ್ದುಬಿಡಬಹುದು ಎಂದು ನನಗೆ ತೋರುವುದಿಲ್ಲ, ಏಕೆಂದರೆ ಅವನ ಪ್ರಶ್ನೆಯಲ್ಲಿ ಒಂದು ಕಾಳು ಸತ್ಯವಿದೆ: ನಿಮ್ಮದೂ ಅವನದೂ ಎರಡೂ ಗುಟ್ಟಿನ ಕೆಲಸ. ಗಾಂಧೀಜಿ ಉಪ್ಪಿನ ಕಾನೂನನ್ನು ಮುರಿಯುವ ಮುನ್ನ, 1930ರ ಮಾರ್ಚ್ 2ರಂದು, ತಾವು ಮಾಡಹೊರಟಿರುವುದನ್ನು ವೈಸ್‌ರಾಯ್‌ಗೆ ಪತ್ರದಲ್ಲಿ ತಿಳಿಸಿಯೇ ದಂಡಿಗೆ ಹೊರಟರು. ಎಲ್ಲ ತಪ್ಪನ್ನೂ ಹೀಗೆ ಮುಂಚಿತವಾಗಿ ಸಾರಿ ಮಾಡಲು ಬರುವುದಿಲ್ಲ. ಕೌಶಿಕನ ಜಾಗದಲ್ಲಿದ್ದವನು ಸಾರಿದರೆ ಕಥೆ ಮುಗಿಯಿತು. ಆದರೆ ಅಪಾಯ ಕಳೆದ ಮೇಲಾದರೂ ಬಾಯಿ ಬಿಡಬಹುದೇ, ಹಾಗೆ ಬಿಡಲು ತಾನು ಸಿದ್ಧನೇ ಎಂದು ಕೇಳಿಕೊಂಡರೆ ಎಷ್ಟೋ ಒಳ್ಳೆಯ ಕಾರಣಗಳು ಅಲ್ಲಿಯೇ ಸೋರಿಹೋಗುತ್ತವೆ.

ಇನ್ನು ನೀವೇನು ಮಾಡಬಹುದು ಎನ್ನುವುದು. ಸುಮ್ಮನಿರುವುದು ಒಂದು ದಾರಿ. ಆ ಕುಟುಂಬಕ್ಕೆ ಅದರಿಂದ ತೊಂದರೆಯಿಲ್ಲ, ನಿಮಗೆ ಮಾತ್ರ ಸೋದರಳಿಯನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸಂಬಂಧಪಟ್ಟ ಕಚೇರಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಳ್ಳುವುದು ಇನ್ನೊಂದು ದಾರಿ. ಧೈರ್ಯದ ಕೆಲಸವೇ, ಆದರೆ ಅದರ ಪೆಟ್ಟು ನಿಮಗಿಂತ ಮೊದಲು ಬೀಳುವುದು ಸಹಿ ಹಾಕಿದ ಅವರ ಮೇಲೆ. ಅವರಿಗೆ ತಿಳಿಸದೆ, ವಕೀಲರನ್ನು ಕೇಳದೆ ನೀವು ಇದನ್ನು ಮಾಡಿದರೆ, ಅವರನ್ನು ಕೇಳದೆ ಅವರ ಹೆಸರಿನಲ್ಲಿ ಎರಡನೆಯ ಸಲ ತೀರ್ಮಾನ ತೆಗೆದುಕೊಂಡಂತಾಗುತ್ತದೆ. ನಿಮ್ಮ ಮನಸ್ಸಿನ ಭಾರ ಇಳಿಸಿಕೊಳ್ಳಲು ಅವರ ಬದುಕನ್ನು ಬಳಸಬೇಡಿ. ಮನೆ ಮಾಲೀಕರಿಗೆ ನಿಜಕ್ಕೂ ಅಡಚಣೆಯಾಗಿತ್ತೇ ಎಂದು ತಿಳಿದುಕೊಳ್ಳುವುದು ನಿಮ್ಮ ಕೈಯಲ್ಲಿದೆ. ಆಗಿದ್ದರೆ ಅಲ್ಲಿ ಸುಮ್ಮನಿರುವ ಹಕ್ಕು ನಿಮಗಿಲ್ಲ, ವಕೀಲರ ಸಲಹೆಯೊಂದಿಗೆ ಅದನ್ನು ಸರಿಪಡಿಸಲೇಬೇಕು.

ನಮ್ಮ ಕಡೆ ದೇವರಿಗೆ ತಪ್ಪು ಕಾಣಿಕೆ ಕಟ್ಟಿಡುವ ಪದ್ಧತಿ ಇದೆಯಲ್ಲ, ಅದರಲ್ಲಿ ನನಗೆ ಇಷ್ಟವಾಗುವ ಅಂಶವೆಂದರೆ ಕಾಣಿಕೆ ಹಾಕುವವನು ತನ್ನ ತಪ್ಪಿಗೆ ಕಾರಣ ಕೊಡುವುದಿಲ್ಲ, ತಪ್ಪಾಯಿತು ಎನ್ನುತ್ತಾನೆ ಅಷ್ಟೇ. ನಿಮ್ಮ ತಪ್ಪು ಕಾಣಿಕೆ ಹಣವಾಗಬೇಕಿಲ್ಲ. ಪಟ್ಟಿ ಬರೆಯುವುದು ಗೊತ್ತಿರುವ ನಿವೃತ್ತ ಶಿಕ್ಷಕರು ನೀವು. ನಿಮ್ಮ ಸುತ್ತಲಿನ ತೋಟಗಳಲ್ಲಿ ವಾಸದ ದಾಖಲೆ ಇಲ್ಲದ ಕುಟುಂಬಗಳು ಇಂದಿಗೂ ಇರುತ್ತವೆ. ಮುಂದಿನ ಮಳೆಗಾಲಕ್ಕೆ ಮೊದಲು ಅವರ ಹೆಸರು, ಅವರಿರುವ ಲೈನ್ ಮನೆ, ಎಷ್ಟು ವರ್ಷದಿಂದ ಇದ್ದಾರೆ ಎನ್ನುವುದನ್ನು ಇದ್ದ ಹಾಗೆಯೇ ಬರೆದು, ಅವರ ಒಪ್ಪಿಗೆ ಪಡೆದು ಗ್ರಾಮ ಪಂಚಾಯಿತಿಗೆ ಕೊಡಿ. ತೋಟದ ಕೆಲವರಿಗೆ ಇದು ಹಿಡಿಸದೆ ಹೋಗಬಹುದು, ಕಿರಿಕಿರಿಯಾದೀತು. ಮತ್ತೆ ಅದೇ ತಪ್ಪನ್ನು ಮಾಡುವ ಮನಸ್ಸಿಟ್ಟುಕೊಂಡು ಹಾಕಿದ ಕಾಣಿಕೆ ಮಾತ್ರ ಕಾಣಿಕೆಯಲ್ಲ, ಮುಂಗಡ. ಇದನ್ನು ಸೋದರಳಿಯನಿಗೂ ಹೇಳಬಹುದು.

ಅವನಿಗೆ ಹೇಳಬೇಕಾದದ್ದು ಇನ್ನೂ ಇದೆ. ಪೂರ್ತಿ ಕಥೆ ಹೇಳಿ, ಮೈಸೂರಿನ ಮಾಲೀಕರನ್ನೂ ಆ ಸಹಿಯನ್ನೂ ಸೇರಿಸಿ. ನೀವು ಮಾಡಿದ್ದು ತಪ್ಪು ಎಂದು ನಿಮ್ಮ ಬಾಯಿಂದಲೇ ಕೇಳಿದ ಮೇಲೆ, ಅದನ್ನು ಆಧಾರವಾಗಿ ಹಿಡಿಯುವುದು ಅವನಿಗೆ ಸುಲಭವಾಗದು. ಬರಿಗೈಯಲ್ಲಿ ಬೇಡ ಎನ್ನಬೇಡಿ, ಏಕೆಂದರೆ ಆ ಬೆಳೆಗಾರರ ಕಷ್ಟ ನಿಜವಾದದ್ದು. ಅವಧಿ ವಿಸ್ತರಣೆ ಅಥವಾ ಸಾಲದ ಮರುಹೊಂದಾಣಿಕೆ ಕೋರಿ ಸಂಘದ ಆಡಳಿತ ಮಂಡಳಿಗೆ ಮನವಿ ಕೊಡಬಹುದು. ಮಳೆಯಿಂದ ಫಸಲು ಹೋಗಿದ್ದರೆ ಅದರ ವಿವರವನ್ನೂ ಲಗತ್ತಿಸಬಹುದು. ಮಂಡಳಿ ಒಪ್ಪದಿರಲೂಬಹುದು, ಆಗ ಬಡ್ಡಿಯ ಹಣಕ್ಕೆ ನೀವೂ ಸೋದರಳಿಯನೂ ಸೇರಿ ಒಂದಿಷ್ಟು ಕೈಗಡ ಕೊಡುವುದನ್ನು ಯಾರೂ ತಡೆಯುವುದಿಲ್ಲ. ಮನವಿಯನ್ನು ನೀವೇ ಕುಳಿತು ಬರೆದುಕೊಡಿ. ತಾರೀಖು ಮಾತ್ರ ಬರೆದ ದಿನದ್ದೇ ಇರಲಿ.